ಒಬ್ಬನೇ ಕೃಷಿಕ, ನಾಲ್ಕು ಅಂಕ: ‘ಸಿಬಿಲ್’ ಗೊಂದಲದ ಒಳಹೊರಗು

ಹಿಂದೆ ಸಾಲಕ್ಕೆಂದು ಬ್ಯಾಂಕಿನ ಮೆಟ್ಟಿಲು ಹತ್ತಿದ ಕೃಷಿಕನಿಗೆ ಎದುರಾಗುತ್ತಿದ್ದ ಮೊದಲ ಪ್ರಶ್ನೆ ‘ಜಾಗ ಎಷ್ಟು, ತೋಟ ಎಷ್ಟು?’ ಎಂಬುದು. ಈಗ ಪಹಣಿ ಪತ್ರವನ್ನು ಚೀಲದಿಂದ ಹೊರತೆಗೆಯುವ ಮೊದಲೇ ‘ನಿಮ್ಮ ಸಿಬಿಲ್ ಎಷ್ಟುಂಟು?’ ಎಂದು ಕೇಳುತ್ತಾರೆ. ತೋಟವನ್ನು ನೋಡಿ ಸಾಲ ಕೊಡುವ ಕಾಲ ಹೋಗಿ ಅಂಕವನ್ನು ನೋಡಿ ಸಾಲ ಕೊಡುವ ಕಾಲ ಬಂದಿದೆ. ಅಂಕ ಒಂದೇ ಆಗಿದ್ದರೆ ಹೇಗಾದರೂ ಹೊಂದಿಕೊಳ್ಳಬಹುದಿತ್ತು. ಆದರೆ ಕೇಳಿದ ಕಡೆಯಲ್ಲೆಲ್ಲ ಬೇರೆ ಬೇರೆ ಅಂಕ ಸಿಗುತ್ತಿರುವುದೇ ಇಂದಿನ ಗೊಂದಲಕ್ಕೆ ಮೂಲ.

ಒಂದು ಉದಾಹರಣೆಯನ್ನು ಎಣಿಸಿಕೊಳ್ಳೋಣ. ಬಂಟ್ವಾಳ ತಾಲೂಕಿನ ಒಬ್ಬ ಅಡಿಕೆ ಕೃಷಿಕರು ಅಡಿಕೆ ಸುಲಿಯುವ ಯಂತ್ರಕ್ಕೂ ಹೊಸ ಪಂಪಿಗೂ ಸಾಲ ಬೇಕೆಂದು ಮಂಗಳೂರಿಗೆ ಬರುತ್ತಾರೆ. ಮಗ ಮೊಬೈಲಿನಲ್ಲಿ ನೋಡಿ 768 ಎಂದು ಹೇಳಿದ್ದಾನೆ. ಸ್ಟೇಟ್ ಬ್ಯಾಂಕ್ ಸ್ಟಾಪಿನಲ್ಲಿ ಬಸ್ಸಿಳಿದು ಹಂಪನಕಟ್ಟೆಯ ಒಂದು ಬ್ಯಾಂಕಿಗೆ ಹೋದರೆ ಅಲ್ಲಿಯ ಗಣಕಯಂತ್ರ 702 ತೋರಿಸುತ್ತದೆ. ಯಂತ್ರ ಮಾರುವ ಅಂಗಡಿಯವರು ಗೊತ್ತು ಮಾಡಿಕೊಟ್ಟ ಹಣಕಾಸು ಕಂಪೆನಿಯವರು 735 ಎನ್ನುತ್ತಾರೆ. ಮೂರರಲ್ಲಿ ಯಾವುದು ಸರಿ? ಕೇಳಲು ವಿಚಿತ್ರವೆನಿಸಿದರೂ, ಮೂರೂ ಸರಿಯಾಗಿರಲು ಸಾಧ್ಯ. ಮೂರರ ಹಿಂದಿರುವ ದಾಖಲೆಯಲ್ಲಿ ತಪ್ಪು ಇರಲೂ ಸಾಧ್ಯ. ಇದು ಹೇಗೆಂಬುದನ್ನು ಸಾಲ ಪಡೆಯುವ ಪ್ರತಿಯೊಬ್ಬರೂ ತಿಳಿದಿರಬೇಕಾಗಿದೆ.

ಸಿಬಿಲ್ ಒಂದು ಕಂಪೆನಿಯ ಹೆಸರು

ವನಸ್ಪತಿಗೆಲ್ಲ ‘ಡಾಲ್ಡಾ’ ಎಂದು ಕರೆಯುವ ರೂಢಿ ನಮ್ಮಲ್ಲಿತ್ತು. ಹಾಗೆಯೇ ಸಾಲದ ಅಂಕಕ್ಕೆಲ್ಲ ‘ಸಿಬಿಲ್’ ಎಂದು ಹೆಸರಾಗಿದೆ. ನಿಜವಾಗಿ ಸಿಬಿಲ್ ಎಂಬುದು 2000ದಲ್ಲಿ ಸ್ಥಾಪನೆಯಾದ ಒಂದು ಕಂಪೆನಿ. ಇದೀಗ ಅದರ ಹೆಸರು ಟ್ರಾನ್ಸ್‌ಯೂನಿಯನ್ ಸಿಬಿಲ್. ಸಾಲದ ಮಾಹಿತಿ ಕಂಪೆನಿಗಳ ಕಾಯಿದೆ 2005ರಲ್ಲಿ ಬಂತು. ಅದರ ಅನ್ವಯ 2010ರಿಂದೀಚೆಗೆ ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್ ಮತ್ತು ಈಗ ಕ್ರಿಫ್ ಹೈಮಾರ್ಕ್ ಎನ್ನಿಸಿಕೊಂಡಿರುವ ಹೈಮಾರ್ಕ್ ಕಂಪೆನಿಗಳೂ ರಿಸರ್ವ್ ಬ್ಯಾಂಕಿನ ಪರವಾನಿಗೆ ಪಡೆದವು. ಹೀಗೆ ದೇಶದಲ್ಲಿ ನಾಲ್ಕು ಕಂಪೆನಿಗಳು ನಮ್ಮೆಲ್ಲರ ಸಾಲದ ಲೆಕ್ಕವನ್ನು ಇಟ್ಟುಕೊಂಡಿವೆ. ನಾಲ್ಕೂ 300ರಿಂದ 900ರ ನಡುವೆ ಅಂಕ ಕೊಡುತ್ತವೆ. ಅಳತೆಗೋಲು ಒಂದೇ ಆಗಿ ಕಾಣುವುದರಿಂದ ಅಳೆಯುವ ಕೈಯೂ ಒಂದೇ ಎಂದು ಜನ ಭಾವಿಸುತ್ತಾರೆ. ಗೊಂದಲ ಹುಟ್ಟುವುದು ಇಲ್ಲಿಯೇ.

ಅಂಕಗಳಲ್ಲಿ ವ್ಯತ್ಯಾಸವೇಕೆ?

ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಒಂದೇ ಗೋಣಿ ಚಾಲಿ ಅಡಿಕೆಯನ್ನು ಬಂದರಿನ ನಾಲ್ಕು ಅಂಗಡಿಗಳಲ್ಲಿ ತೋರಿಸಿ ನೋಡಿ. ಒಬ್ಬರು ಪಟೋರ ಹೆಚ್ಚೆಂದು ದರ ಇಳಿಸಿದರೆ, ಇನ್ನೊಬ್ಬರು ಕರಿಗೋಟನ್ನು ಎಣಿಸುತ್ತಾರೆ. ಮತ್ತೊಬ್ಬರು ಬಣ್ಣ ಚೆನ್ನಾಗಿದೆಯೆಂದು ನಾಲ್ಕು ರೂಪಾಯಿ ಮೇಲೆ ಕೊಡುತ್ತಾರೆ. ಅಡಿಕೆ ಒಂದೇ, ಕಣ್ಣು ಬೇರೆ. ಸಾಲದ ಅಂಕವೂ ಹೀಗೆಯೇ. ವ್ಯತ್ಯಾಸಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು ಲೆಕ್ಕದ ಸೂತ್ರ. ಕಂತು ಸರಿಯಾಗಿ ಕಟ್ಟಿದ್ದೀರೋ, ಮಂಜೂರಾದ ಮಿತಿಯಲ್ಲಿ ಎಷ್ಟು ಪಾಲು ಬಳಸಿದ್ದೀರಿ, ಸಾಲದ ವ್ಯವಹಾರ ಎಷ್ಟು ವರ್ಷಗಳದ್ದು, ಈಡಿನ ಸಾಲ ಎಷ್ಟು, ಈಡಿಲ್ಲದ್ದು ಎಷ್ಟು, ಇತ್ತೀಚೆಗೆ ಎಷ್ಟು ಕಡೆ ಅರ್ಜಿ ಹಾಕಿದ್ದೀರಿ, ಇವನ್ನೆಲ್ಲ ನಾಲ್ಕೂ ಕಂಪೆನಿಗಳು ಗಣಿಸುತ್ತವೆ. ಆದರೆ ಯಾವುದಕ್ಕೆ ಎಷ್ಟು ತೂಕ ಎಂಬುದು ಆಯಾ ಕಂಪೆನಿಯ ಒಳಗುಟ್ಟು. ಒಂದೇ ಕಂಪೆನಿ ಕಾಲಕಾಲಕ್ಕೆ ತನ್ನ ಸೂತ್ರವನ್ನು ಬದಲಿಸುವುದೂ ಉಂಟು; ಒಂದು ಬ್ಯಾಂಕು ಹೊಸ ಸೂತ್ರದ ಅಂಕ ನೋಡುವಾಗ ಇನ್ನೊಂದು ಹಳೆಯದನ್ನೇ ನೋಡುತ್ತಿರಬಹುದು. ಇದರ ಮೇಲೆ ಬ್ಯಾಂಕುಗಳು ತಮ್ಮದೇ ಆದ ಒಳಗಿನ ಅಂಕವನ್ನೂ ಹಾಕಿಕೊಳ್ಳುತ್ತವೆ.

ಎರಡನೆಯದು ಮಾಹಿತಿ. ಸಾಲ ಕೊಡುವ ಸಂಸ್ಥೆ ನಾಲ್ಕರಲ್ಲಿ ಒಂದು ಕಂಪೆನಿಗೆ ಸದಸ್ಯನಾದರೆ ಸಾಕೆಂಬ ಕಾಲವೊಂದಿತ್ತು. ನಾಲ್ಕಕ್ಕೂ ಸದಸ್ಯರಾಗಿ ಮಾಹಿತಿ ಕೊಡಬೇಕೆಂದು ರಿಸರ್ವ್ ಬ್ಯಾಂಕು ಆಜ್ಞೆ ಮಾಡಿದ್ದು 2015ರ ಜನವರಿಯಲ್ಲಿ. ಅದಕ್ಕಿಂತ ಹಿಂದಿನ ಸಾಲಗಳು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರಬಹುದು. ಹೆಸರಿನ ಅಕ್ಷರ, ಮನೆತನದ ಹೆಸರು, ಹುಟ್ಟಿದ ದಿನ ಇವುಗಳಲ್ಲಿ ಸಣ್ಣ ವ್ಯತ್ಯಾಸವಾದರೂ ಒಬ್ಬರ ಸಾಲ ಇನ್ನೊಬ್ಬರ ಪುಟದಲ್ಲಿ ಕೂರುವ ಸಂಭವವಿದೆ. ಒಂದೇ ಗ್ರಾಮದಲ್ಲಿ ಒಂದೇ ಹೆಸರಿನ ಮೂವರಿರುವ ನಮ್ಮ ಕಡೆ ಇದನ್ನು ಲಘುವಾಗಿ ಕಾಣುವಂತಿಲ್ಲ.

ಮೂರನೆಯದು ದಿನಾಂಕ. ಬ್ಯಾಂಕುಗಳು ತಿಂಗಳಿಗೊಮ್ಮೆ ಲೆಕ್ಕ ಕಳುಹಿಸುತ್ತಿದ್ದುದು ಹಿಂದಿನ ಕ್ರಮ. 2025ರ ಜನವರಿ 1ರಿಂದ ಹದಿನೈದು ದಿನಕ್ಕೊಮ್ಮೆ ಕಳುಹಿಸಬೇಕೆಂಬ ನಿಯಮ ಬಂತು. ಅದನ್ನು ವಾರಕ್ಕೊಮ್ಮೆ ಮಾಡುವತ್ತ ರಿಸರ್ವ್ ಬ್ಯಾಂಕು ಹೆಜ್ಜೆ ಇಟ್ಟಿದೆ. ಆದರೂ ನೀವು ಸೋಮವಾರ ಸಾಲ ತೀರಿಸಿ ಬುಧವಾರ ಹೊಸ ಸಾಲಕ್ಕೆ ಹೋದರೆ ಹಳೆಯ ಬಾಕಿ ಇನ್ನೂ ಕಾಣಿಸುತ್ತಿರಬಹುದು. ಒಂದು ಕಂಪೆನಿ ಹೊಸ ಲೆಕ್ಕವನ್ನು ಸೇರಿಸಿಕೊಂಡಿದ್ದು, ಇನ್ನೊಂದು ಸೇರಿಸಿಕೊಳ್ಳದೆಯೂ ಇರಬಹುದು.

ಹುಟ್ಟಿದ ನೆಲದಲ್ಲೂ ಇದೇ ಕಥೆ

ಈ ಪದ್ಧತಿಯ ತವರು ಅಮೆರಿಕ. ಅಲ್ಲಿ ಫೇರ್ ಮತ್ತು ಐಸಾಕ್ ಎಂಬಿಬ್ಬರು 1956ರಲ್ಲಿ ಆರಂಭಿಸಿದ ಕಂಪೆನಿ 1989ರಲ್ಲಿ ಸಾರ್ವತ್ರಿಕ ಬಳಕೆಗೆ ‘ಫೈಕೋ’ ಅಂಕವನ್ನು ತಂದಿತು. 2006ರಲ್ಲಿ ಅಲ್ಲಿನ ಮೂರು ಮಾಹಿತಿ ಕಂಪೆನಿಗಳು ಒಟ್ಟುಗೂಡಿ ‘ವಾಂಟೇಜ್’ ಎಂಬ ಇನ್ನೊಂದು ಅಂಕವನ್ನು ಹೊರತಂದವು. ಮೊದಲಲ್ಲಿ ಅದರ ಅಳತೆ 501ರಿಂದ 990. ಫೈಕೋ ಅಂಕದ್ದು 300ರಿಂದ 850. ಒಂದರಲ್ಲಿ ಒಳ್ಳೆಯದೆನಿಸುವ ಸಂಖ್ಯೆ ಇನ್ನೊಂದರಲ್ಲಿ ಸಾಧಾರಣ. ಬಳಕೆದಾರರು ಕಂಗಾಲಾದುದರಲ್ಲಿ ಆಶ್ಚರ್ಯವಿಲ್ಲ. ಕೊನೆಗೆ ವಾಂಟೇಜ್ ಕೂಡ 300-850ರ ಅಳತೆಗೆ ಬಂತು. ಆದರೂ ಎರಡು ಅಂಕಗಳು ಒಂದಾಗಲಿಲ್ಲ. ಆ ಮೂರು ಕಂಪೆನಿಗಳೇ ಇಂದು ನಮ್ಮ ನಾಲ್ಕರಲ್ಲಿ ಮೂರರ ಹಿಂದಿವೆ ಎಂಬುದನ್ನು ಗಮನಿಸಬೇಕು.

ನಮ್ಮಲ್ಲಿ ರಿಸರ್ವ್ ಬ್ಯಾಂಕು ನೇಮಿಸಿದ ಆದಿತ್ಯ ಪುರಿ ಸಮಿತಿ 2014ರಲ್ಲಿ ಈ ವಿಚಾರವನ್ನು ಪರಿಶೀಲಿಸಿತ್ತು. ಮಾಹಿತಿ ಕಳುಹಿಸುವ ನಮೂನೆ ಒಂದೇ ಇರಬೇಕು, ಅಂಕದ ಅರ್ಥ ಜನರಿಗೆ ತಿಳಿಯುವಂತೆ ಸಮಾನ ವರ್ಗೀಕರಣ ಇರಬೇಕು ಎಂಬುದು ಅದರ ಸಲಹೆಗಳಲ್ಲಿ ಸೇರಿತ್ತು. ಅಳತೆಗೋಲು ಒಂದಾಯಿತು, ಸೂತ್ರ ಒಂದಾಗಲಿಲ್ಲ.

ಕರಾವಳಿಯ ವಿಶೇಷ ತೊಡಕು

ಮಂಗಳೂರು ಮತ್ತು ಉಡುಪಿ ಬ್ಯಾಂಕುಗಳ ತವರೆಂದು ಹೆಸರಾದ ಸೀಮೆ. ಕೆನರಾ ಬ್ಯಾಂಕು 1906ರಲ್ಲಿ, ಕರ್ಣಾಟಕ ಬ್ಯಾಂಕು 1924ರಲ್ಲಿ, ವಿಜಯಾ ಬ್ಯಾಂಕು 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದರೆ, ಕಾರ್ಪೊರೇಶನ್ ಬ್ಯಾಂಕು 1906ರಲ್ಲಿ, ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದವು. ಇವುಗಳಲ್ಲಿ ವಿಜಯಾ ಬ್ಯಾಂಕು 2019ರ ಎಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ 2020ರ ಎಪ್ರಿಲ್ 1ರಂದು ಸೇರಿಹೋದವು. ಹೀಗೆ ಬ್ಯಾಂಕು ಬದಲಾದಾಗ ಸಾಲದ ಖಾತೆ ಹೊಸ ಹೆಸರಿನಡಿ ಬರುತ್ತದೆ. ಹಳೆಯ ಹೆಸರಿನ ಖಾತೆ ಮುಚ್ಚಿದೆಯೆಂದು ದಾಖಲಾಗದಿದ್ದರೆ ಒಂದೇ ಸಾಲ ಎರಡಾಗಿ ಕಾಣುವ ಅಪಾಯವಿದೆ. ಈ ಮೂರು ಬ್ಯಾಂಕುಗಳಲ್ಲಿ ಹಳೆಯ ಸಾಲ ಇದ್ದವರು ತಮ್ಮ ವರದಿಯಲ್ಲಿ ಇದನ್ನು ತಪ್ಪದೆ ಪರಿಶೀಲಿಸಬೇಕು.

ಇದಕ್ಕಿಂತಲೂ ದೊಡ್ಡ ವಿಷಯ ಸೊಸೈಟಿಯ ಸಾಲದ್ದು. ಮೊಳಹಳ್ಳಿ ಶಿವರಾಯರಂಥ ಹಿರಿಯರು ಕಟ್ಟಿದ ಸಹಕಾರಿ ಚಳವಳಿಯ ಫಲವಾಗಿ ನಮ್ಮ ಜಿಲ್ಲೆಯ ಕೃಷಿಕರ ಬೆಳೆಸಾಲದ ಬಹುಪಾಲು ಪ್ರಾಥಮಿಕ ಕೃಷಿಪತ್ತಿನ ಸಂಘಗಳ ಮೂಲಕವೇ ನಡೆಯುತ್ತಿದೆ. ವಾಯಿದೆಗೆ ಸರಿಯಾಗಿ ಕಟ್ಟಿದವರಿಗೆ ಶೂನ್ಯ ಬಡ್ಡಿಯಲ್ಲಿ ದೊರೆಯುವ ಸಾಲದ ಮಿತಿಯನ್ನು ರಾಜ್ಯ ಸರಕಾರ 2023ರ ಮುಂಗಡಪತ್ರದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಕೃಷಿಸಾಲದ ವಸೂಲಾತಿಯಲ್ಲಿ ದಕ್ಷಿಣ ಕನ್ನಡದ ಸಹಕಾರಿ ರಂಗಕ್ಕೆ ನಾಡಿನಲ್ಲೇ ಒಳ್ಳೆಯ ಹೆಸರಿದೆ. ಕೊಳೆರೋಗ ಬಂದು ಬೆಳೆ ಅರ್ಧವಾದ ವರ್ಷವೂ ಹೆಂಡತಿಯ ಸರ ಅಡವಿಟ್ಟು ಸೊಸೈಟಿಯ ವಾಯಿದೆ ಉಳಿಸಿಕೊಂಡ ಕೃಷಿಕರು ಇಲ್ಲಿ ವಿರಳವಲ್ಲ.

ಆದರೆ ಈ ಪ್ರಾಮಾಣಿಕತೆ ಅಂಕದಲ್ಲಿ ಕಾಣುತ್ತದೆಯೇ? 2005ರ ಕಾಯಿದೆ ‘ಸಾಲ ಸಂಸ್ಥೆ’ ಎಂದು ಪಟ್ಟಿ ಮಾಡಿದ್ದರಲ್ಲಿ ಸಹಕಾರಿ ಬ್ಯಾಂಕಿನ ಹೆಸರಿದೆ, ಗ್ರಾಮೀಣ ಬ್ಯಾಂಕಿನ ಹೆಸರಿದೆ. ಪ್ರಾಥಮಿಕ ಕೃಷಿಪತ್ತಿನ ಸಂಘದ ಹೆಸರಿಲ್ಲ. ಜಿಲ್ಲಾ ಬ್ಯಾಂಕು ಸಂಘಕ್ಕೆ ಸಾಲ ಕೊಡುತ್ತದೆ, ಸಂಘ ಸದಸ್ಯನಿಗೆ ಕೊಡುತ್ತದೆ. ಬ್ಯಾಂಕಿನ ಪುಸ್ತಕದಲ್ಲಿ ಸಾಲಗಾರ ಸಂಘವೇ ಹೊರತು ಸದಸ್ಯನಲ್ಲ. ಹೀಗಾಗಿ ಮೂವತ್ತು ವರ್ಷ ಒಂದು ದಿನವೂ ತಪ್ಪದೆ ಸೊಸೈಟಿಗೆ ಕಟ್ಟಿದ ಕೃಷಿಕರು ನಗರದ ಬ್ಯಾಂಕಿಗೆ ಹೋದಾಗ ‘ಇತಿಹಾಸವಿಲ್ಲ’ ಎಂಬ ವರದಿ ಬರುವ ಸಾಧ್ಯತೆ ಇದೆ. ಅಂಥವರಿಗೆ ಅಂಕದ ಜಾಗದಲ್ಲಿ ‘ಮೈನಸ್ ಒಂದು’ ಎಂದೋ ‘ಎನ್‌ಎಚ್’ ಎಂದೋ ಬರೆದಿರುತ್ತದೆ. ಇದು ಕಳಪೆ ಅಂಕವಲ್ಲ. ಲೆಕ್ಕ ಸಿಕ್ಕಿಲ್ಲ ಎಂದಷ್ಟೇ ಅರ್ಥ. ಅದೇ ವೇಳೆ ಮಗನಿಗಾಗಿ ಕಂತಿನಲ್ಲಿ ಕೊಂಡ ಮೊಬೈಲಿನ ಒಂದು ಕಂತು ತಡವಾದದ್ದು ಮಾತ್ರ ಅಚ್ಚಳಿಯದೆ ದಾಖಲಾಗಿರುತ್ತದೆ. ದೊಡ್ಡ ಸಾಲದ ನಿಯತ್ತು ಕಾಣದೆ ಸಣ್ಣ ಸಾಲದ ಮರೆವು ಕಾಣುವ ಈ ವ್ಯವಸ್ಥೆ ನ್ಯಾಯವೆನಿಸದು.

ಅಂಕದಿಂದ ಒಳಿತೇ ಇಲ್ಲವೆಂದು ಹೇಳಲಾಗದು. ವಶೀಲಿಯಿಲ್ಲದ ಸಣ್ಣ ಹಿಡುವಳಿದಾರನಿಗೆ, ಪರಿಚಯದ ಬಲವಿಲ್ಲದ ಹೆಣ್ಣುಮಗಳಿಗೆ ಒಳ್ಳೆಯ ದಾಖಲೆಯೇ ಜಾಮೀನಾಗುತ್ತದೆ. ಮೆನೇಜರರ ಮುಖ ನೋಡಿ ಸಾಲ ಸಿಗುವ ಕಾಲ ಹೋದುದು ಒಳ್ಳೆಯದೇ. ಆದರೆ ಮುಖವನ್ನು ಬಿಟ್ಟು ಸಂಖ್ಯೆಯೊಂದನ್ನೇ ನೋಡಿದರೆ ಅನ್ಯಾಯದ ರೂಪ ಬದಲಾದಂತಾಯಿತೇ ಹೊರತು ಅನ್ಯಾಯ ಹೋದಂತಾಗಲಿಲ್ಲ.

ಕಾನೂನು ಏನು ಹೇಳುತ್ತದೆ?

ಇಂತಿಷ್ಟು ಅಂಕ ಇರಲೇಬೇಕೆಂದು ರಿಸರ್ವ್ ಬ್ಯಾಂಕು ಎಲ್ಲಿಯೂ ವಿಧಿಸಿಲ್ಲ. ಈ ಮಾತನ್ನು ಕೇಂದ್ರದ ಹಣಕಾಸು ರಾಜ್ಯ ಸಚಿವ ಪಂಕಜ್ ಚೌಧರಿಯವರು 2025ರ ಆಗಸ್ಟಿನಲ್ಲಿ ಸಂಸತ್ತಿನಲ್ಲಿಯೇ ಸ್ಪಷ್ಟಪಡಿಸಿದ್ದಾರೆ. ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ಇತಿಹಾಸವಿಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂಬ ಸೂಚನೆಯೂ ಇದೆ. 750 ಎಂದು ಜನ ಹೇಳುವುದು ರೂಢಿಯ ಮಾತು. ಆಯಾ ಬ್ಯಾಂಕು ತನ್ನ ಅನುಕೂಲಕ್ಕೆ ಎಳೆದುಕೊಂಡ ಗೆರೆ. ಮಹಾರಾಷ್ಟ್ರದಲ್ಲಿ ಮುಖ್ಯಮಂತ್ರಿ ದೇವೇಂದ್ರ ಫಡಣವೀಸರು 2025ರಲ್ಲಿ ಬೆಳೆಸಾಲಕ್ಕೆ ಸಿಬಿಲ್ ಅಂಕ ಕೇಳಬಾರದೆಂದು ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟದ್ದು ಸುದ್ದಿಯಾಗಿತ್ತು.

ಸಾಲ ನಿರಾಕರಿಸಿದರೆ ಮುಖ್ಯ ಕಾರಣವನ್ನು ಬರಹದಲ್ಲಿ ತಿಳಿಸಬೇಕೆಂಬ ನಿಯಮ ಎಲ್ಲ ಬಗೆಯ ಸಾಲಗಳಿಗೂ 2007ರಲ್ಲಿಯೇ ವಿಸ್ತರಿಸಲ್ಪಟ್ಟಿದೆ. ಬ್ಯಾಂಕು ನೋಡಿದ ವರದಿಯ ಪ್ರತಿಯನ್ನು ಕೇಳುವ ಹಕ್ಕು ಅರ್ಜಿದಾರನಿಗೆ 2005ರ ಕಾಯಿದೆಯ 21ನೇ ಕಲಮಿನಲ್ಲಿದೆ. ‘ನಿಮ್ಮ ಸಿಬಿಲ್ ಸರಿಯಿಲ್ಲ’ ಎಂಬ ಬಾಯಿಮಾತನ್ನು ಕೇಳಿ ತಲೆತಗ್ಗಿಸಿ ಹಿಂದಿರುಗುವ ಬದಲು ‘ಯಾವ ಕಂಪೆನಿಯ ವರದಿ, ಯಾವ ದಿನಾಂಕದ್ದು, ಯಾವ ಖಾತೆಯಿಂದ ತೊಡಕಾಗಿದೆ, ಬರೆದು ಕೊಡಿ’ ಎಂದು ಮರ್ಯಾದೆಯಿಂದ ಕೇಳಬೇಕು. ಕೇಳುವವರಿಲ್ಲದ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಕೃಷಿಕರು ಮಾಡಬೇಕಾದುದು

ಅಂಕದ ಬೆನ್ನು ಹತ್ತುವ ಬದಲು ವರದಿಯನ್ನು ಓದಬೇಕು. ಅಂಕ ಒಂದು ಅಭಿಪ್ರಾಯ. ವರದಿ ಲೆಕ್ಕದ ಪುಸ್ತಕ. ಅಭಿಪ್ರಾಯದೊಡನೆ ವಾದಿಸಲಾಗದು, ಲೆಕ್ಕವನ್ನು ತಿದ್ದಿಸಬಹುದು.

1. ನಾಲ್ಕೂ ಕಂಪೆನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಅಂಕಸಹಿತ ಉಚಿತವಾಗಿ ಕೊಡಬೇಕೆಂಬ ನಿಯಮ 2017ರ ಜನವರಿಯಿಂದ ಜಾರಿಯಲ್ಲಿದೆ. ದೊಡ್ಡ ಸಾಲ ಬೇಕಾದಾಗ ಎರಡು ಮೂರು ತಿಂಗಳು ಮೊದಲೇ ನಾಲ್ಕನ್ನೂ ತರಿಸಿ ಒಟ್ಟಿಗಿಟ್ಟು ನೋಡಿರಿ. ನಿಮ್ಮ ವರದಿಯನ್ನು ನೀವೇ ನೋಡಿದರೆ ಅಂಕ ಇಳಿಯುವುದಿಲ್ಲ. ಸಾಲಕ್ಕಾಗಿ ಒಂದೇ ತಿಂಗಳಲ್ಲಿ ಐದಾರು ಕಡೆ ಅರ್ಜಿ ಹಾಕಿದರೆ ಇಳಿಯಬಹುದು.

2. ವರದಿಯಲ್ಲಿ ತಿಂಗಳ ಎದುರು ಇರುವ ಸಂಖ್ಯೆ ಎಷ್ಟು ದಿನ ತಡವಾಯಿತೆಂಬ ಲೆಕ್ಕ. ಸೊನ್ನೆ ಇದ್ದರೆ ತಡವಿಲ್ಲ. ‘ಎಸ್‌ಟಿಡಿ’ ಎಂದಿದ್ದರೆ ಖಾತೆ ಕ್ರಮಬದ್ಧ. ‘ಎಕ್ಸ್‌ಎಕ್ಸ್‌ಎಕ್ಸ್’ ಎಂದಿದ್ದರೆ ಆ ತಿಂಗಳ ಮಾಹಿತಿ ಬಂದಿಲ್ಲ. ‘ಸೆಟಲ್ಡ್’ ಅಥವಾ ‘ರಿಟನ್ ಆಫ್’ ಎಂದಿದ್ದರೆ ಸಾಲ ಪೂರ್ತಿ ಸಂದಾಯವಾಗಿಲ್ಲವೆಂದು ಓದುವವರು ತಿಳಿಯುತ್ತಾರೆ. ರಾಜಿಯಲ್ಲಿ ಸಾಲ ಮುಗಿಸಿದವರು, 2018ರ ರಾಜ್ಯದ ಸಾಲಮನ್ನಾದಲ್ಲಿ ಪ್ರಯೋಜನ ಪಡೆದವರು ತಮ್ಮ ಖಾತೆಯ ಮುಂದೆ ಏನು ಬರೆದಿದೆಯೆಂದು ನೋಡಿಕೊಳ್ಳಬೇಕು.

3. ನೀವು ಜಾಮೀನು ನಿಂತ ಸಾಲವೂ ನಿಮ್ಮ ವರದಿಯಲ್ಲಿ ಬರುತ್ತದೆ. ನೆರೆಯವರ ಮೇಲಿನ ದಾಕ್ಷಿಣ್ಯಕ್ಕೆ ಹಾಕಿದ ಸಹಿ ನಿಮ್ಮ ಮಗಳ ವಿದ್ಯಾಭ್ಯಾಸ ಸಾಲದ ಹೊತ್ತಿಗೆ ಎದುರು ನಿಲ್ಲಬಹುದು.

4. ಚಿನ್ನದ ಸಾಲದ ವಾಯಿದೆ, ಕಿಸಾನ್ ಕಾರ್ಡಿನ ನವೀಕರಣದ ದಿನ ಇವೆರಡನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಡಿ. ಬೆಳೆಸಾಲವು ಸುಸ್ತಿ ಆಸ್ತಿಯೆನಿಸಲು ಬೆಳೆಯ ಹಂಗಾಮಿನ ಲೆಕ್ಕ ಇದೆಯಾದರೂ, ಕಂತಿನ ಇತರ ಸಾಲಗಳಿಗೆ 90 ದಿನಗಳ ಲೆಕ್ಕವೇ ಅನ್ವಯ.

5. ತಪ್ಪು ಕಂಡರೆ ಬ್ಯಾಂಕಿಗೂ ಮಾಹಿತಿ ಕಂಪೆನಿಗೂ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನಗಳೊಳಗೆ ಸರಿಪಡಿಸದಿದ್ದರೆ ಮುಂದಿನ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಎಪ್ರಿಲಿನಿಂದ ಬಂದಿದೆ. ಅಲ್ಲಿಯೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಕಛೇರಿಗೆ ಖರ್ಚಿಲ್ಲದೆ ದೂರು ಸಲ್ಲಿಸಬಹುದು. ಮಾಹಿತಿ ಕಂಪೆನಿಗಳನ್ನೂ 2022ರ ಸೆಪ್ಟೆಂಬರಿನಿಂದ ಈ ವ್ಯವಸ್ಥೆಯೊಳಗೆ ತರಲಾಗಿದೆ.

6. ‘ಸಿಬಿಲ್ ಸರಿ ಮಾಡಿಕೊಡುತ್ತೇವೆ’ ಎಂದು ಹಣ ಕೇಳುವವರನ್ನು ದೂರವಿಡಿ. ಸುಳ್ಳು ದಾಖಲೆಯನ್ನು ನೀವೇ ಉಚಿತವಾಗಿ ತಿದ್ದಿಸಬಹುದು. ನಿಜವಾದ ಬಾಕಿಯನ್ನು ಯಾರೂ ಅಳಿಸಲಾರರು.

7. ಸೊಸೈಟಿಯ ಸಾಲ ನಿಮ್ಮ ವರದಿಯಲ್ಲಿ ಇಲ್ಲವಾದರೆ ಕಳೆದ ಐದಾರು ವರ್ಷಗಳ ಮರುಪಾವತಿಯ ವಿವರವನ್ನು ಕಾರ್ಯದರ್ಶಿಯವರ ಸಹಿ, ಮೊಹರಿನೊಂದಿಗೆ ಪಡೆದು ಅರ್ಜಿಯ ಜತೆಗೆ ಲಗತ್ತಿಸಿರಿ. ಬ್ಯಾಂಕು ಇದನ್ನು ಒಪ್ಪಲೇಬೇಕೆಂದಿಲ್ಲ. ಆದರೆ ಇತಿಹಾಸವಿಲ್ಲವೆಂಬ ಮಾತಿಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಬೇರೆ ಇಲ್ಲ.

ಆಗಬೇಕಾದುದು

ನಾಲ್ಕು ಕಂಪೆನಿಗಳ ಸೂತ್ರ ಒಂದಾಗುವುದು ಸುಲಭವಲ್ಲ, ಒಂದಾಗಲೇಬೇಕೆಂದೂ ಇಲ್ಲ. ಆದರೆ ಎರಡು ಕೆಲಸಗಳು ಅಗತ್ಯವಾಗಿ ಆಗಬೇಕು. ಅಂಕ ಹೇಳುವವರು ಯಾರೇ ಇರಲಿ, ಕಂಪೆನಿಯ ಹೆಸರನ್ನೂ ದಿನಾಂಕವನ್ನೂ ಜತೆಗೆ ಹೇಳಬೇಕು. ತೂಕದ ಕಲ್ಲಿಗೆ ಮುದ್ರೆ ಬೇಕೆಂದ ಸರಕಾರಕ್ಕೆ ಇದು ಭಾರವಾಗದು. ಎರಡನೆಯದಾಗಿ, ಕೃಷಿಪತ್ತಿನ ಸಂಘಗಳ ಲೆಕ್ಕವನ್ನು ಗಣಕೀಕರಣಗೊಳಿಸುವ ಕೇಂದ್ರದ ಯೋಜನೆ 2022ರಿಂದ ನಡೆದಿರುವುದರಿಂದ, ಸದಸ್ಯರ ಮರುಪಾವತಿಯ ಲೆಕ್ಕವೂ ಮಾಹಿತಿ ಕಂಪೆನಿಗಳಿಗೆ ತಲುಪುವ ದಾರಿಯನ್ನು ತೆರೆಯಬೇಕು. ಸುಸ್ತಿದಾರರಿಗೆ ಇದರಿಂದ ಕಷ್ಟವಾದೀತೆಂಬ ಅಳುಕು ಕೆಲವು ಆಡಳಿತ ಮಂಡಳಿಗಳಿಗೆ ಇರಬಹುದು. ಆದರೆ ನಮ್ಮ ಜಿಲ್ಲೆಯಲ್ಲಿ ಕಟ್ಟುವವರ ಸಂಖ್ಯೆಯೇ ದೊಡ್ಡದು. ಅವರ ನಿಯತ್ತನ್ನು ಲೆಕ್ಕಕ್ಕೆ ತರದೆ ಕತ್ತಲಲ್ಲಿಡುವುದು ಯಾರ ಹಿತಕ್ಕೆ?

ಅಲ್ಲಿಯವರೆಗೆ ಕೃಷಿಕ ಬಾಂಧವರು ಒಂದು ಮಾತನ್ನು ನೆನಪಿಡುವುದು ಲೇಸು. ಗೋಣಿಯ ಮೇಲೆ ಬರೆದ ಗುರುತು ಏನೇ ಇರಲಿ, ಒಳಗಿನ ಅಡಿಕೆ ಹೇಗಿದೆಯೆಂದು ಗೋಣಿ ಬಿಚ್ಚಿ ತೋರಿಸುವ ಹಕ್ಕು ಬೆಳೆದವನಿಗಿದೆ. ಸಾಲದ ವರದಿಯ ಗೋಣಿಯನ್ನೂ ವರ್ಷಕ್ಕೊಮ್ಮೆ ಬಿಚ್ಚಿ ನೋಡಿರಿ.